8×10 ಇಂಚು ಪ್ರಿಂಟ್‌ಗೆ ಎಂಥ ಟ್ರೇ ಕೊಳ್ಳುವುದು?

ಕೆಂಪುದೀಪ:
ನಮಸ್ಕಾರ. ಬಚ್ಚಲುಮನೆಯನ್ನೇ ಡಾರ್ಕ್‌ರೂಮ್ ಮಾಡಿಕೊಳ್ಳುತ್ತಿದ್ದೇನೆ. ಎನ್‌ಲಾರ್ಜರ್ (ನೆಗೆಟಿವ್ ಅನ್ನು ಪೇಪರ್ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ), ಸೇಫ್‌ಲೈಟ್ (ಪೇಪರ್ ಕೆಡಿಸದ ಮಂದ ದೀಪ) ಎರಡೂ ಆಯಿತು. ಚಿತ್ರ ಮೂಡಿಸುವ ಡೆವಲಪರ್, ಅದನ್ನು ನಿಲ್ಲಿಸುವ ಹುಳಿ ದ್ರಾವಣ ಸ್ಟಾಪ್, ಚಿತ್ರ ಉಳಿಸುವ ಫಿಕ್ಸರ್ ಮೂರಕ್ಕೂ ಟ್ರೇ ಬಾಕಿ. ಹೆಚ್ಚಾಗಿ 8×10 ಆರ್‌ಸಿ ಪೇಪರ್ (ಪ್ಲಾಸ್ಟಿಕ್ ಲೇಪದ್ದು), ಮುಂದೆ ಸ್ವಲ್ಪ ಫೈಬರ್ ಪೇಪರ್ (ಆ ಲೇಪವಿಲ್ಲದ್ದು) ಕೂಡ. ಹಲಗೆ ಹಾಸಿದರೆ ಸಿಗುವ ಜಾಗ 110 ಸೆ.ಮೀ ಉದ್ದ, 45 ಸೆ.ಮೀ ಅಗಲ.

8×10 ಪೇಪರ್‌ಗೆ 8×10 ಟ್ರೇ ಸಾಕೋ, 10×12 ಬೇಕೋ? ಫೋಟೋ ಟ್ರೇ ಎಂದೇ ಮಾರುವುದಕ್ಕೆ ಬೆಲೆ ಜಾಸ್ತಿ, ಪ್ಲಾಸ್ಟಿಕ್ ಸಾಮಾನಿನ ಅಂಗಡಿಯದ್ದು ನಡೆಯುತ್ತದಾ? ಮನೆಯಲ್ಲಿ ಸ್ಟೀಲ್ ಮತ್ತು ಅಲ್ಯೂಮಿನಿಯಂ ಬೇಕಿಂಗ್ ಟ್ರೇಗಳು ಬಿದ್ದಿವೆ, ಅವನ್ನೇ ಬಳಸಬಹುದಾ?

ಹಳೇಹೈಪೋ:
ಅಲ್ಯೂಮಿನಿಯಂ ಸುತರಾಂ ಬೇಡ. ಡೆವಲಪರ್ ಕ್ಷಾರ, ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಳದಿಂದ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ, ಅದು ಹೈಡ್ರೋಜನ್. ತಾಮ್ರ, ಹಿತ್ತಾಳೆ, ತಗಡಿನವೂ ಬೇಡ. ಎನಾಮೆಲ್ ಟ್ರೇ ಒಳ್ಳೆಯದೇ, ಆದರೆ ಒಂದು ಚಕ್ಕೆ ಎದ್ದರೆ ಅಲ್ಲಿಂದ ತುಕ್ಕು ಶುರು. ಸ್ಟೀಲ್‌ನಲ್ಲಿ 316 ದರ್ಜೆ ಫಿಕ್ಸರ್‌ಗೂ ತಡೆಯುತ್ತದೆ. ಅಡುಗೆಮನೆ ಸ್ಟೀಲ್ ಯಾವ ದರ್ಜೆಯದೋ ಗೊತ್ತಾಗುವುದಿಲ್ಲ, ನೀರಿನ ಟ್ರೇಗೆ ಇಟ್ಟುಕೊಳ್ಳಿ.

ಪ್ಲಾಸ್ಟಿಕ್ ಅಂಗಡಿಯದ್ದು ಧಾರಾಳವಾಗಿ ಆಗುತ್ತದೆ. ತಿರುಗಿಸಿ ತಳ ನೋಡಿ, ತ್ರಿಕೋನದೊಳಗೆ 5 ಇದ್ದರೆ ಪಾಲಿಪ್ರೊಪಿಲೀನ್, 2 ಇದ್ದರೆ ಗಟ್ಟಿ ಪಾಲಿಥಿಲೀನ್. ಎರಡೂ ನಮ್ಮ ರಾಸಾಯನಿಕಗಳಿಗೆ ಜಗ್ಗುವುದಿಲ್ಲ. 6 ಇರುವ ಗಾಜಿನಂತಹ ಪಾರದರ್ಶಕ ಟ್ರೇ ಮೂಲೆಯಲ್ಲಿ ಬಿರುಕು ಬಿಡುತ್ತದೆ.

ಎಲ್ಲರೂ ಎಡವುವುದು ಅಳತೆಯಲ್ಲಿ. ಅಂಗಡಿಯವರು ಹೇಳುವುದು ಮೇಲಿನ ಅಂಚಿನ ಅಳತೆ. ಪಕ್ಕಗಳು ಇಳಿಜಾರಾಗಿರುವುದರಿಂದ ತಳ ಅದಕ್ಕಿಂತ ಚಿಕ್ಕದು. ಮೇಲೆ 8×10 ಇದ್ದರೆ ಕೆಳಗೆ 7×9 ಕೂಡ ಇರಬಹುದು. 20.3 × 25.4 ಸೆ.ಮೀ ರಟ್ಟೊಂದನ್ನು ಕತ್ತರಿಸಿ ಜೊತೆಗೆ ಒಯ್ಯಿರಿ. ತಳಕ್ಕೆ ಚಪ್ಪಟೆಯಾಗಿ ಕೂತು ನಾಲ್ಕೂ ಕಡೆ 1 ಸೆ.ಮೀ ಆದರೂ ಉಳಿಯಬೇಕು, ಇಲ್ಲದಿದ್ದರೆ ಇಕ್ಕಳ ಪೇಪರ್ ಅಂಚಿಗೆ ಸಿಗುವುದೇ ಇಲ್ಲ. ಹಾಗೇ ಟ್ರೇಯ ಎದುರುಬದುರು ಅಂಚು ಹಿಡಿದು ತಿರುಚಿ ನೋಡಿ. ಒಂದೂವರೆ ಲೀಟರ್ ತುಂಬಿದ ಮೇಲೆ ಬಾಗುವ ಟ್ರೇ ಎತ್ತಿದರೆ ಅರ್ಧ ನೆಲಕ್ಕೇ.

ನನ್ನ ಮತ 10×12ಕ್ಕೆ. ಹೊರ ಅಂಚು ಸುಮಾರು 30×36 ಸೆ.ಮೀ ಎಂದಿಟ್ಟುಕೊಂಡರೂ ಗಿಡ್ಡ ಬದಿ ಉದ್ದಕ್ಕೆ ಬರುವಂತೆ ಮೂರು ಇಟ್ಟರೆ 90 ಸೆ.ಮೀ. ನಿಮ್ಮ ಹಲಗೆಗೆ ಸರಿಹೋಗುತ್ತದೆ. ತೊಳೆಯುವ ಟ್ರೇ ಕೆಳಗೆ ನಲ್ಲಿ ಹತ್ತಿರ ಇರಲಿ. ಟ್ರೇಯ ಒಂದು ಮೂಲೆಯಲ್ಲಿ ಸುರಿಯುವ ಕೊಕ್ಕು ಇದ್ದರೆ ಬಿಡಬೇಡಿ, ಬಾಟಲಿಗೆ ವಾಪಸ್ ಹಾಕುವಾಗ ಅದರ ಬೆಲೆ ತಿಳಿಯುತ್ತದೆ.

ಬೆಳ್ಳಿಉಪ್ಪು:
10×12 ಮೂರಕ್ಕೂ ಬೇಕು ಅನ್ನುವುದಕ್ಕೆ ನನ್ನ ತಕರಾರಿದೆ. ಲೆಕ್ಕ ನೋಡಿ. 8×10 ಟ್ರೇಯ ತಳ ಸುಮಾರು 22×27 ಸೆ.ಮೀ ಇದ್ದರೆ 1 ಲೀಟರ್ ದ್ರಾವಣ 1.7 ಸೆ.ಮೀ ಆಳ ನಿಲ್ಲುತ್ತದೆ. ಅದೇ ಲೀಟರ್ 27×32 ತಳದಲ್ಲಿ 1.2 ಸೆ.ಮೀ ಕೂಡ ಇಲ್ಲ. ಆಳ ಕಡಿಮೆಯಾದರೆ ಅಲೆ ಪೇಪರ್ ಮೇಲೆ ಸಮನಾಗಿ ಹಾಯುವುದಿಲ್ಲ, ಬೂದು ಆಕಾಶದಲ್ಲಿ ಪಟ್ಟೆ ಬರುತ್ತದೆ. ಸರಿ, ಒಂದೂವರೆ ಲೀಟರ್ ಹಾಕಿದರಾಯಿತು ಅನ್ನಿ. ಗಾಳಿಗೆ ತೆರೆದ ಮೇಲ್ಮೈ ಹೆಚ್ಚು, ಡೆವಲಪರ್ ಬೇಗ ಕಂದಾಗುತ್ತದೆ. ವಾರಕ್ಕೆ ಹತ್ತು ಪ್ರಿಂಟ್ ಮಾಡುವವರು ಅರ್ಧ ಶಕ್ತಿಯಲ್ಲೇ ಚೆಲ್ಲಬೇಕಾಗುತ್ತದೆ. ತಳ ನಿಜಕ್ಕೂ 22×27 ಇದೆ ಎಂದಾದರೆ ಡೆವಲಪರ್‌ಗೆ ಚಿಕ್ಕದು, ಫಿಕ್ಸರ್‌ಗೆ ದೊಡ್ಡದು ಮಾಡಿ. ಫಿಕ್ಸರ್‌ನಲ್ಲಿ ಎರಡು ಮೂರು ಪ್ರಿಂಟ್ ಒಟ್ಟಿಗೆ ಬಿದ್ದಿರುತ್ತವೆ, ಅಲ್ಲಿ ಜಾಗ ಬೇಕು.

ಬಣ್ಣದ ವಿಷಯ. ಕೆಂಪು, ಬಿಳಿ, ಬೂದು ಎಂದು ಮೂರು ಬಣ್ಣದ ಸೆಟ್ ಸಿಗುತ್ತದೆ, ಗುರುತಿಗೆ ಸುಲಭ ಅಂತ. ಕೆಂಪು ಸೇಫ್‌ಲೈಟ್ ಅಡಿಯಲ್ಲಿ ಕೆಂಪು ಟ್ರೇಯೂ ಬಿಳಿ ಟ್ರೇಯೂ ಒಂದೇ ಥರ ಕಾಣುತ್ತವೆ! ಅಂಚಿನ ಮೇಲೆ ಅಳಿಸದ ಕಪ್ಪು ಮಾರ್ಕರ್‌ನಲ್ಲಿ ಡೆ, ಸ್ಟಾ, ಫಿ ಎಂದು ಬರೆಯಿರಿ. ಒಮ್ಮೆ ಫಿಕ್ಸರ್‌ಗೆ ಅಂತ ಇಟ್ಟ ಟ್ರೇ ಯಾವತ್ತೂ ಫಿಕ್ಸರ್‌ಗೇ. ಗೀರುಗಳಲ್ಲಿ ಕೂತದ್ದು ತೊಳೆದರೂ ಪೂರ್ತಿ ಹೋಗದು. ಡೆವಲಪರ್‌ಗೆ ಫಿಕ್ಸರ್ ಬೆರೆತರೆ ಪ್ರಿಂಟ್‌ನ ಬಿಳಿ ಭಾಗ ಮಾಸುತ್ತದೆ, ಕಲೆ ಬೀಳುತ್ತದೆ. ಇಕ್ಕಳವೂ ಟ್ರೇಗೊಂದು. ಡೆವಲಪರ್ ಇಕ್ಕಳ ಪೇಪರನ್ನು ಸ್ಟಾಪ್ ಮೇಲೆ ಬಿಡಬೇಕು, ಸ್ಟಾಪ್‌ನೊಳಗೆ ಅದ್ದಬಾರದು.

ಸ್ಟಾಪ್‌ಗೆ ದುಡ್ಡು ಸುರಿಯಬೇಡಿ. ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಲೀಟರ್ ನೀರಿಗೆ 15 ಗ್ರಾಂ ಹಾಕಿದರೆ ಸಾಕು, ಬಚ್ಚಲಲ್ಲಿ ವಿನೆಗರ್ ಘಾಟೂ ಇರುವುದಿಲ್ಲ.

ಕಡಲತಡಿ:
ಟ್ರೇ ಆರಿಸುವಾಗ ಸೆಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಂಗಳೂರು, ಉಡುಪಿ ಕಡೆ ಬೇಸಿಗೆಯಲ್ಲಿ ಟ್ಯಾಂಕಿನ ನೀರೇ 30° ಹತ್ತಿರ ಇರುತ್ತದೆ. ಇಲ್ಫೋರ್ಡ್ ಮಲ್ಟಿಗ್ರೇಡ್ ಡೆವಲಪರ್ 1+9 ಬೆರಕೆಯಲ್ಲಿ (1 ಪಾಲು ಡೆವಲಪರ್, 9 ಪಾಲು ನೀರು) ಆರ್‌ಸಿ ಪೇಪರ್‌ಗೆ 20°ಯಲ್ಲಿ 1 ನಿಮಿಷ. ಅದೇ ದ್ರಾವಣ 28°ಗೆ ಹೋದರೆ ಕಪ್ಪು ಸರ್ರನೆ ಏರುತ್ತದೆ, ಪೇಪರ್ ಒಂದು ತುದಿ ಮುಳುಗಿ ಇನ್ನೊಂದು ತುದಿ ಮುಳುಗುವಷ್ಟರಲ್ಲೇ ವ್ಯತ್ಯಾಸ ಬಿದ್ದಿರುತ್ತದೆ. ಆಗ 1+14 ಮಾಡಿಕೊಳ್ಳಿ, 20°ಯಲ್ಲಿ ಅದಕ್ಕೆ ಒಂದೂವರೆ ನಿಮಿಷ. ಸೆಕೆಗೆ ಕಡಿಮೆಯಾದರೂ ಕೈಗೆ ಸಿಗುವಷ್ಟು ಸಮಯ ಉಳಿಯುತ್ತದೆ.

ತಣ್ಣಗಿಡಲು ದೊಡ್ಡ ಟ್ರೇಯಲ್ಲಿ ನೀರು ಹಾಕಿ ಅದರೊಳಗೆ ಡೆವಲಪರ್ ಟ್ರೇ ಇಡಿ. ಫ್ರೀಜರ್‌ನಲ್ಲಿ ಗಟ್ಟಿಯಾದ ಅರ್ಧ ಲೀಟರ್ ಬಾಟಲಿ ಹೊರಗಿನ ನೀರಿಗೆ. ಮಂಜುಗಡ್ಡೆಯನ್ನು ಡೆವಲಪರ್‌ಗೇ ಹಾಕುವವರೂ ಇದ್ದಾರೆ, ಕರಗಿದಷ್ಟೂ ಬೆರಕೆ ತೆಳುವಾಗುತ್ತದೆ. ಈ ಉಪಾಯಕ್ಕೆ ಒಳಗಿನದು ಸ್ಟೀಲ್ ಆದರೆ ತಂಪು ಬೇಗ ದಾಟುತ್ತದೆ. ದಪ್ಪ ಪ್ಲಾಸ್ಟಿಕ್ ಆದರೆ ಕೂಲಿಂಗ್ ಅರ್ಧ ಗಂಟೆ ಮುಂಚೆಯೇ ಶುರು ಮಾಡಬೇಕು. ನೀರಿನ ಸ್ನಾನ ಇಲ್ಲದೆ ಬರೀ ಹಲಗೆ ಮೇಲಿಟ್ಟರೆ ಲೆಕ್ಕ ತಿರುಗುಮುರುಗು, ಅಲ್ಲಿ ಪ್ಲಾಸ್ಟಿಕ್ಕೇ ಒಳ್ಳೆಯದು. ಹಳೇಹೈಪೋ ಹೇಳಿದ 10×12 ಹೀಗೆ ಹೊರ ಟ್ರೇಯಾಗಿ ಉಪಯೋಗಕ್ಕೆ ಬರುತ್ತದೆ.

ಕೆಂಪುದೀಪ:
ತುಂಬಾ ಉಪಕಾರವಾಯಿತು. ರಟ್ಟು ಹಿಡಿದುಕೊಂಡು ಹೋಗಿದ್ದೆ. 5 ಗುರುತಿನದು ಸಿಕ್ಕಿತು, ಗಟ್ಟಿಯಾಗಿದೆ, ಅಳತೆಯೂ ಸರಿ. ಆದರೆ ತಳ ಗಾಜಿನ ಹಾಗೆ ನುಣುಪು. ಫೋಟೋ ಟ್ರೇಗಳಲ್ಲಿ ಉಬ್ಬುಗೆರೆ ಇರುತ್ತದಲ್ಲ, ಸಿಲಿಕೋನ್ ಅಂಟಿನಿಂದ ನಾಲ್ಕು ಗೆರೆ ಎಳೆದುಕೊಳ್ಳಬಹುದಾ?

ಹಳೇಹೈಪೋ:
ಬೇಡ. ಪಾಲಿಪ್ರೊಪಿಲೀನ್‌ಗೆ ಸಿಲಿಕೋನ್ ಹಿಡಿಯುವುದಿಲ್ಲ. ನಾಲ್ಕು ದಿನಕ್ಕೆ ಅಂಚು ಏಳುತ್ತದೆ, ಅದರಡಿ ದ್ರಾವಣ ಸೇರಿಕೊಂಡು ಮುಂದಿನ ಸಲದ ಡೆವಲಪರ್ ಕೆಡಿಸುತ್ತದೆ.

ಉಬ್ಬುಗೆರೆ ಇರುವುದು ಪೇಪರಿನಡಿ ದ್ರಾವಣ ಹರಿಯಲಿ ಅಂತ. ನುಣುಪು ತಳಕ್ಕೆ ಒದ್ದೆ ಪೇಪರ್, ಅದರಲ್ಲೂ ಆರ್‌ಸಿ, ಕಚ್ಚಿಕೊಂಡುಬಿಡುತ್ತದೆ. ಇಕ್ಕಳದಲ್ಲಿ ಕೆರೆದು ಎತ್ತಲು ಹೋಗಿ ಮೂಲೆಯಲ್ಲಿ ಎಮಲ್ಷನ್ (ಚಿತ್ರವಿರುವ ಪದರ) ಗೀರುತ್ತದೆ, ಒಣಗಿದ ಮೇಲೆ ಅರ್ಧಚಂದ್ರದ ಗುರುತು. ಡೆವಲಪರ್‌ಗೆ ಮಾತ್ರ ಗೆರೆ ಇರುವ ಒಂದು ಟ್ರೇ ಕೊಳ್ಳಿ, ನುಣುಪಿನವು ಸ್ಟಾಪ್, ಫಿಕ್ಸರ್‌ಗೆ ಇರಲಿ. ಅಲ್ಲಿ ಸೆಕೆಂಡಿನ ಲೆಕ್ಕ ಅಷ್ಟು ಬಿಗಿಯಲ್ಲ.

ಅದು ಸಿಗುವವರೆಗೆ ನುಣುಪಿನಲ್ಲೇ ಹೀಗೆ ಮಾಡಿ. ಟ್ರೇಯ ನಿಮ್ಮ ಕಡೆಯ ಅಂಚು 2 ಸೆ.ಮೀ ಎತ್ತಿದರೆ ದ್ರಾವಣ ಆಚೆ ಬದಿಗೆ ಸೇರುತ್ತದೆ. ಪೇಪರನ್ನು ಮುಖ ಮೇಲಾಗಿ ಆ ಮಡುವಿನೊಳಗೆ ಜಾರಿಸಿ, ತಕ್ಷಣ ಅಂಚು ಇಳಿಸಿ. ಅಲೆ ಒಂದೇ ಸಲಕ್ಕೆ ಪೂರ್ತಿ ಮುಚ್ಚುತ್ತದೆ. ಆಮೇಲೆ ಐದಾರು ಸೆಕೆಂಡಿಗೊಮ್ಮೆ ಎಡ ಅಂಚು, ಮುಂದಿನ ಅಂಚು, ಬಲ ಅಂಚು ಹೀಗೆ ಬದಲಿಸುತ್ತ ಎತ್ತಿ ಇಳಿಸಿ. ಒಂದೇ ಬದಿ ಎತ್ತುತ್ತಿದ್ದರೆ ಆ ಕಡೆ ಪಟ್ಟೆ. ಮುಗಿಯಲು 10 ಸೆಕೆಂಡ್ ಇರುವಾಗ ಟ್ರೇ ವಾಲಿಸಿದರೆ ಮೇಲಿನ ಮೂಲೆ ತಾನಾಗಿ ಬಿಡುತ್ತದೆ, ಬಿಳಿ ಅಂಚನ್ನಷ್ಟೇ ಇಕ್ಕಳದಲ್ಲಿ ಹಿಡಿದು ಸೋರಲು ಬಿಡಿ.

ಬೆಳ್ಳಿಉಪ್ಪು:
ಟ್ರೇ ತೊಳೆಯಲು ಸ್ಟೀಲ್ ನಾರು ಬೇಡ, ಮೆತ್ತನೆಯ ಸ್ಪಂಜು. ಡೆವಲಪರ್‌ನ ಕಂದು ಕಲೆಗೆ ಬ್ಲೀಚ್ ಹಾಕುವ ಮೊದಲು ನೆನಪಿರಲಿ: ಅದೇ ಬಚ್ಚಲಲ್ಲಿ ಸ್ಟಾಪ್‌ನ ಹುಳಿ ಇದೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ, ಆ ಇಕ್ಕಟ್ಟಿನಲ್ಲಿ ಅಪಾಯ. ಕಲೆ ಇದ್ದರೆ ಇರಲಿ ಬಿಡಿ, ಪ್ರಿಂಟ್‌ಗೆ ಏನೂ ಆಗುವುದಿಲ್ಲ.