ಮರ್ಸಿಡಿಸ್ 190 ಎಸ್‌ಎಲ್: ಬಿಸಿಯಾದರೆ ಐಡಲ್ ನಿಲ್ಲುತ್ತಿಲ್ಲ, ಸೊಲೆಕ್ಸ್ ಕಾರ್ಬೊರೇಟರ್ ಕಿತ್ತು ವೆಬರ್ ಹಾಕಿಸಬೇಕೇ?

ಬನ್ನಿಮಂಟಪ190
1959ರ ರೋಡ್‌ಸ್ಟರ್, ಈಗ ಮೈಸೂರಲ್ಲಿದೆ. ಟಿಂಕರಿಂಗ್, ಪೇಂಟು, ಕ್ರೋಮು ಎಲ್ಲ ಮುಗಿದು ಬಂದ ಗಾಡಿ, ಎಂಜಿನ್ ನಂಬರು ಡೇಟಾ ಕಾರ್ಡಿಗೆ (ಕಾರ್ಖಾನೆಯ ದಾಖಲೆ) ತಾಳೆಯಾಗುತ್ತೆ. ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಹಿಡಿಯುತ್ತೆ. ಬಿಸಿಯಾದ ಮೇಲೆ ಐಡಲ್ (ಪೆಡಲ್ ಒತ್ತದಿದ್ದಾಗಿನ ಎಂಜಿನ್ ವೇಗ) 600ಕ್ಕೂ 1,200ಕ್ಕೂ ಉಯ್ಯಾಲೆ. ಚಾಮುಂಡಿ ಬೆಟ್ಟ ಹತ್ತಿ ನಂದಿ ಹತ್ತಿರ ಹತ್ತು ನಿಮಿಷ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಕಾಲು ಗಂಟೆ ಬೇಕು. 4,000 ಆರ್‌ಪಿಎಂ ದಾಟಿದರೆ ಎಳೆತವೂ ಕಮ್ಮಿ. ಸೊಲೆಕ್ಸ್ 44 ಪಿಎಚ್‌ಎಚ್ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಎರಡನ್ನೂ ತೆಗೆದು ವೆಬರ್ 40 ಡಿಸಿಒಇ ಹಾಕೋಣ ಅಂತಾರೆ ಮೆಕ್ಯಾನಿಕ್. ಹಾಕಿಸಲೇ?

ಹಳೇ ಸ್ಪ್ಯಾನರ್
ಬೇಡ ಸಾರ್. ನೀವು ಹೇಳಿದ್ದು ಒಂದು ಕಾಯಿಲೆ ಅಲ್ಲ, ಮೂರು. ವೆಬರ್ ಹಾಕಿದರೆ ಮೊದಲನೆಯದು ಹೋಗಬಹುದು, ಬೆಟ್ಟದ ಮೇಲಿನ ತೊಂದರೆ ಹಾಗೇ ಉಳಿಯುತ್ತೆ.

ಐಡಲ್ ಉಯ್ಯಾಲೆ ಎಂದರೆ ಎಲ್ಲೋ ಗಾಳಿ ಎಳೀತಿದೆ. ಸೊಲೆಕ್ಸಿನಲ್ಲಿ ಎರಡು ಜಾಗ ಮುಖ್ಯ. ಒಂದು, ಥ್ರಾಟಲ್ ಶಾಫ್ಟು (ಗಾಳಿಯ ಬಾಗಿಲನ್ನು ತಿರುಗಿಸುವ ಕಡ್ಡಿ). ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಬೆರಳಿಗೆ ಆಟ ಗೊತ್ತಾದರೆ ಸವೆದಿದೆ ಅಂತಲೇ ಲೆಕ್ಕ. ಲೇತಿನವರ ಹತ್ತಿರ ಕಂಚಿನ ಬುಷ್ ಹಾಕಿಸಿ ರೀಮ್ ಮಾಡಿಸಬೇಕು. ಎರಡು, ಫ್ಲ್ಯಾಂಜು (ಎಂಜಿನ್ ಕಡೆಗೆ ಕೂರುವ ಚಪ್ಪಟೆ ಅಂಚು). ನಟ್ಟನ್ನು ಜೋರಾಗಿ ಬಿಗಿದು ಬಿಗಿದು ಅದು ಬಾಳೆ ಎಲೆ ಥರ ಬಾಗಿರುತ್ತೆ. ದಪ್ಪ ಗಾಜಿನ ಮೇಲಿಟ್ಟು ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. 0.05 ಮಿ.ಮೀ. ಹೋದರೂ ಸಾಕು, ಅದೇ ಗಾಜಿನ ಮೇಲೆ 400 ನಂಬರಿನ ಎಮರಿ ಹಾಸಿ ಎಂಟರ ಆಕಾರದಲ್ಲಿ ತಿಕ್ಕಿ ಸಮ ಮಾಡಿ. ಹೊಸ ಪ್ಯಾಕಿಂಗ್ ಹಾಕಿ ನಟ್ಟುಗಳನ್ನು ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಷ್ಟು ಪ್ಯಾಕಿಂಗ್ ಒಟ್ಟಿದರೂ ಬಾಗಿದ ಫ್ಲ್ಯಾಂಜು ಕೂರುವುದಿಲ್ಲ.

ಬಿಚ್ಚುವ ಮುಂಚೆ ಎಲ್ಲಿ ಎಳೀತಿದೆ ಅಂತ ಪತ್ತೆ ಹಚ್ಚಲು ಕಾರ್ಬ್ ಕ್ಲೀನರ್ ಹೊಡೀಬೇಡಿ. ಈ ಎಂಜಿನ್ನಿನಲ್ಲಿ ಇನ್‌ಟೇಕೂ ಎಕ್ಸಾಸ್ಟೂ ಒಂದೇ ಪಕ್ಕ, ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆಯ ಕೊಳವೆ) ಮೇಲೆ ಬಿದ್ದರೆ ಬೆಂಕಿ. ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ತಗೊಂಡು ಶಾಫ್ಟ್ ತುದಿಗೆ, ಫ್ಲ್ಯಾಂಜ್ ಅಂಚಿಗೆ ಸಣ್ಣಗೆ ಹೊಡೆಯಿರಿ. ಎಲ್ಲಿ ಎಂಜಿನ್ ಮುಗ್ಗರಿಸುತ್ತೋ ಅಲ್ಲೇ ತೂತು.

4,000ದ ಮೇಲಿನ ದೌರ್ಬಲ್ಯ ಬಹುಶಃ ಡಯಾಫ್ರಾಮಿನದು (ಒಳಗಿನ ತೆಳು ಪೊರೆ). 44 ಪಿಎಚ್‌ಎಚ್‌ನ ಎರಡನೇ ಹಂತ ಪೆಡಲಿಂದ ತೆರೆಯುವುದಿಲ್ಲ, ವ್ಯಾಕ್ಯೂಮಿನಿಂದ ತೆರೆಯುತ್ತೆ. ಡಯಾಫ್ರಾಮ್ ಹರಿದಿದ್ದರೆ ಅರ್ಧ ಕಾರ್ಬೊರೇಟರಿನಲ್ಲೇ ಗಾಡಿ ಓಡುತ್ತಿರುತ್ತೆ. ಎರಡೂ ಕಾರ್ಬಿನದು ಒಟ್ಟಿಗೇ ಬದಲಿಸಿ.

ಸಕ್ಕರೆನಾಡು
ಬೆಟ್ಟದ ಮೇಲಿನದು ಪೆಟ್ರೋಲ್ ಕುದಿಯುವ ಸಮಸ್ಯೆ. ಎಂಜಿನ್ ನಿಂತ ಮೇಲೆ ಎಕ್ಸಾಸ್ಟಿನ ಕಾವು ಮೇಲೇರಿ ಫ್ಲೋಟ್ ಚೇಂಬರಿನಲ್ಲಿದ್ದ (ಕಾರ್ಬಿನೊಳಗಿನ ಪುಟ್ಟ ತೊಟ್ಟಿ) ಪೆಟ್ರೋಲ್ ಕುದ್ದು ಸಿಲಿಂಡರಿಗೆ ತೊಟ್ಟಿಕ್ಕುತ್ತೆ, ಪ್ಲಗ್ಗು ಒದ್ದೆ. ಆಗ ಪೆಡಲ್ ತುಳಿದು ತುಳಿದು ಪಂಪ್ ಮಾಡಿದರೆ ಇನ್ನಷ್ಟು ತುಂಬುತ್ತೆ. ಪೆಡಲನ್ನು ಪೂರ್ತಿ ಒತ್ತಿ ಹಿಡಿದು ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಕಾರ್ಬಿಗೂ ಮ್ಯಾನಿಫೋಲ್ಡಿಗೂ ನಡುವೆ ಕಾವು ತಡೆಯುವ ಫೀನಾಲಿಕ್ ಸ್ಪೇಸರ್ ಇದೆಯಾ, ಕೆಳಗೆ ಹೀಟ್ ಶೀಲ್ಡ್ ಇದೆಯಾ ನೋಡಿ. ರೀಸ್ಟೋರೇಷನ್ನಿನಲ್ಲಿ ಹೊಳೆಯುವ ಸಾಮಾನೆಲ್ಲ ವಾಪಸ್ ಬರುತ್ತೆ, ಇಂಥ ತಗಡಿನ ತುಂಡು ಬರುವುದಿಲ್ಲ.

ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬೇರೆ ಸೇರಿದೆ. ನಮ್ಮ ಮಂಡ್ಯದ ಕಬ್ಬೇ ಎಥನಾಲ್ ಆಗಿ ನಿಮ್ಮ ಟ್ಯಾಂಕಿಗೆ ಬಂದು ಹಳೇ ರಬ್ಬರು ತಿನ್ನುತ್ತಿರಬಹುದು! ಪೆಟ್ರೋಲ್ ಹೋಸುಗಳನ್ನೆಲ್ಲ ಎಸ್‌ಎಇ ಜೆ30 ಆರ್9 ಎಂದು ಮುದ್ರೆ ಇರುವುದಕ್ಕೆ ಬದಲಿಸಿ. ಇ20ಯಲ್ಲಿ ಮಿಶ್ರಣ ಸುಮಾರು 8% ತೆಳುವಾಗುತ್ತೆ (ಗಾಳಿಗೆ ಇಂಧನ ಸಾಲದು). ಅಂದರೆ ಮೇನ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತು, ನಂಬರು ಅದರ ಅಗಲದ್ದು) 130 ಇದ್ದರೆ 135 ಸಾಕು. ಏಕೆಂದರೆ ಹೆಚ್ಚಬೇಕಾದ್ದು ತೂತಿನ ಅಗಲವಲ್ಲ, ವಿಸ್ತೀರ್ಣ. ಗಾಳಿ ಎಳೆಯುವುದನ್ನು ನಿಲ್ಲಿಸುವ ಮೊದಲು ಮಾತ್ರ ಜೆಟ್ ಮುಟ್ಟಬೇಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಫ್ಲೋಟ್ ಚೇಂಬರ್ ಖಾಲಿ ಮಾಡಿಡಿ. ಎಥನಾಲ್ ನೀರು ಹೀರಿ ಒಳಗೆ ಬಿಳೀ ಪುಡಿ ಕಟ್ಟುತ್ತೆ.

ಡೇಟಾಕಾರ್ಡ್
ಬೆಲೆಯ ಮಾತು. 1955ರಿಂದ 1963ರವರೆಗೆ 25,881 ಗಾಡಿ ಮಾಡಿದ್ದಾರೆ, 300 ಎಸ್‌ಎಲ್‌ನಷ್ಟು ಅಪರೂಪವಲ್ಲ. ಹಾಗಾಗಿ ಇದರಲ್ಲಿ ಸಂಗ್ರಾಹಕರು ನೋಡುವುದು ಎಷ್ಟು ಪೂರ್ತಿಯಾಗಿದೆ ಅನ್ನೋದನ್ನು. ವೆಬರ್ ಹಾಕಿಸಲೇಬೇಕೆಂದರೆ ಸೊಲೆಕ್ಸ್, ಏರ್ ಬಾಕ್ಸ್, ಲಿಂಕೇಜ್, ಒಂದು ವಾಷರನ್ನೂ ಬಿಡದೆ ಡಬ್ಬಿಯಲ್ಲಿಡಿ. ವಿಎ ಸರಣಿಯ (ವಿಂಟೇಜ್ ಗಾಡಿಗಳ) ನಂಬರ್ ಮಾಡಿಸಿದ್ದೀರಾ? 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗಷ್ಟೇ ರಸ್ತೆಗೆ ತರಬಹುದು. ದಿನಾ ಬೆಟ್ಟ ಹತ್ತುವಂತಿಲ್ಲ.

ಬನ್ನಿಮಂಟಪ190
ಹಿಂಬದಿಯ ಕಾರ್ಬಿನ ಫ್ಲ್ಯಾಂಜಿನಲ್ಲಿ 0.30ರ ಫೀಲರ್ ಸಲೀಸಾಗಿ ಹೋಯ್ತು. ಡಯಾಫ್ರಾಮ್ ಒಂದು ಹರಿದಿದೆ. ಶಾಫ್ಟಿನಲ್ಲಿ ಆಟವಿಲ್ಲ. ಹೀಟ್ ಶೀಲ್ಡ್ ಇಲ್ಲವೇ ಇಲ್ಲ.

ಹಳೇ ಸ್ಪ್ಯಾನರ್
0.30 ಕೈಯಲ್ಲಿ ತಿಕ್ಕಿ ಮುಗಿಯೋದಲ್ಲ, ಮಿಲ್ಲಿಂಗ್ ಮಾಡಿಸಿ. ಶೀಲ್ಡನ್ನು 1 ಮಿ.ಮೀ. ಅಲ್ಯೂಮಿನಿಯಂ ಹಾಳೆಯಲ್ಲಿ ಮಾಡಿಸಬಹುದು. ಜೋಡಿಸಿದ ಮೇಲೆ ಎರಡು ಕಾರ್ಬಿನ ನಡುವಿನ ಲಿಂಕ್ ರಾಡ್ ಕಳಚಿ, ಗಾಳಿ ಅಳೆಯುವ ಮೀಟರಿಟ್ಟು ಎರಡನ್ನೂ ಬೇರೆ ಬೇರೆಯಾಗಿ ಸಮಕ್ಕೆ ತನ್ನಿ. ಮಿಕ್ಸ್ಚರ್ ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ತೆರೆದು ಶುರು ಮಾಡಿ. ಕೊನೆಗೆ ರಾಡ್ ಹಾಕುವಾಗ ಆರ್‌ಪಿಎಂ ಏರಿದರೆ ರಾಡಿನ ಉದ್ದ ತಪ್ಪಿದೆ. ಆಗ ಸ್ಕ್ರೂ ಮುಟ್ಟಬೇಡಿ, ರಾಡನ್ನೇ ತಿರುಗಿಸಿ.