ಎಡಿಟರ್ ಬಿಟ್ಟು ಹೊರಗೆ ಹೋಗದೆ ಕೋಡ್‌ನ ಕೆಲವೇ ಸಾಲುಗಳನ್ನು ರನ್ ಮಾಡುವುದು ಹೇಗೆ?

ಪ್ರಶ್ನೆ

ನಾನು ಟಿಪ್ಪಣಿಗಳನ್ನು ವಿಮ್ ಎಡಿಟರ್‌ನಲ್ಲಿ ಬರೆದುಕೊಳ್ಳುತ್ತೇನೆ. ಟಿಪ್ಪಣಿಯ ನಡುವೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ನಾಲ್ಕಾರು ಸಾಲುಗಳು ಬಂದಾಗ, ಅವುಗಳ ಫಲಿತಾಂಶ ನೋಡಲು ಆ ಸಾಲುಗಳನ್ನು ಕಾಪಿ ಮಾಡಿ, ಬೇರೊಂದು ಫೈಲಿನಲ್ಲಿ ಸೇವ್ ಮಾಡಿ, ಟರ್ಮಿನಲ್‌ಗೆ ಹೋಗಿ ರನ್ ಮಾಡಿ, ಮತ್ತೆ ಟಿಪ್ಪಣಿಗೆ ಮರಳಬೇಕಾಗುತ್ತದೆ. 'ಕ,ಖ,' ಎಂಬ ಸ್ಟ್ರಿಂಗನ್ನು (ಅಕ್ಷರಗಳ ಸರಣಿಯನ್ನು) ಅಲ್ಪವಿರಾಮದ ಮೇಲೆ ಸ್ಪ್ಲಿಟ್ ಮಾಡಿದರೆ, ಅಂದರೆ ಒಡೆದರೆ, ಕೊನೆಗೊಂದು ಖಾಲಿ ಸ್ಟ್ರಿಂಗ್ ಉಳಿಯುತ್ತದೆಯೇ ಎಂಬಷ್ಟು ಸಣ್ಣ ಸಂದೇಹಕ್ಕೂ ಇಷ್ಟು ಸುತ್ತಾಟ ಬೇಕೆ? ಆಯ್ದ ಸಾಲುಗಳನ್ನಷ್ಟೇ ಇದ್ದಲ್ಲಿಯೇ ರನ್ ಮಾಡುವ, ಸಾಧ್ಯವಾದರೆ ಪ್ಲಗಿನ್ ಬೇಡದ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1

ಪ್ಲಗಿನ್ ಬೇಕಿಲ್ಲ. ಕ್ಯಾಪಿಟಲ್ ವಿ ಒತ್ತಿ ಸಾಲುಗಳನ್ನು ಆಯ್ದುಕೊಂಡು ಕೋಲನ್ ಒತ್ತಿದರೆ, ಆಯ್ಕೆಯ ವ್ಯಾಪ್ತಿಯನ್ನು ಸೂಚಿಸುವ ಚಿಹ್ನೆಗಳು ಕೆಳಗಿನ ಸಾಲಿನಲ್ಲಿ ತಾವಾಗಿಯೇ ಮೂಡುತ್ತವೆ. ಅವುಗಳ ಮುಂದೆ "ಡಬ್ಲ್ಯು !ಪೈಥಾನ್3" ಎಂಬ ಆದೇಶವನ್ನು ಕೊಟ್ಟರೆ (ಇಂಗ್ಲಿಷ್ ಅಕ್ಷರಗಳಲ್ಲಿ ಎಂದು ಬೇರೆ ಹೇಳಬೇಕಿಲ್ಲ), ವಿಮ್ ಆ ಸಾಲುಗಳನ್ನು ಡಿಸ್ಕಿಗೆ ಬರೆಯುವ ಬದಲು ನೇರವಾಗಿ ಪೈಥಾನ್‌ನ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ (ಪ್ರೋಗ್ರಾಂ ತನ್ನ ಇನ್‌ಪುಟ್ ಓದುವ ಮಾಮೂಲು ದಾರಿಗೆ) ಕಳುಹಿಸಿ, ಬಂದ ಔಟ್‌ಪುಟ್ಟನ್ನು ಪರದೆಯ ಕೆಳಗೆ ತೋರಿಸುತ್ತದೆ. ನಿಮ್ಮ ಉದಾಹರಣೆಗೆ ['ಕ', 'ಖ', ''] ಎಂದು ಬರುತ್ತದೆ, ಅಂದರೆ ಖಾಲಿ ಸ್ಟ್ರಿಂಗ್ ಉಳಿಯುತ್ತದೆ. ಆದರೆ ಪ್ರಿಂಟ್ ಮಾಡಿದ್ದು ಮಾತ್ರ ಕಾಣುತ್ತದೆ ಎಂಬುದು ನೆನಪಿರಲಿ. ಒಂದೊಂದೇ ಸಾಲು ಟೈಪ್ ಮಾಡುವ ಪೈಥಾನ್ ಪ್ರಾಂಪ್ಟ್‌ನಲ್ಲಿ ಮೌಲ್ಯವನ್ನು ಬರೆದೊಡನೆ ಉತ್ತರ ಬರುವಂತೆ ಇಲ್ಲಿ ಬರುವುದಿಲ್ಲ.

ಈ ಆದೇಶದಲ್ಲಿ ಸ್ಪೇಸ್ ಎಲ್ಲಿದೆ ಎಂಬುದೇ ಮುಖ್ಯ. ಆಶ್ಚರ್ಯಸೂಚಕವು ಪೈಥಾನ್3ಕ್ಕೆ ಅಂಟಿಕೊಂಡಿರಬೇಕು. ಅದು ಡಬ್ಲ್ಯುಗೆ ಅಂಟಿಕೊಂಡು, ಅದರ ನಂತರ ಸ್ಪೇಸ್ ಬಂದರೆ, ವಿಮ್ ಯಾವುದನ್ನೂ ರನ್ ಮಾಡದೆ ಆ ಸಾಲುಗಳನ್ನು ಪೈಥಾನ್3 ಎಂಬ ಹೆಸರಿನ ಫೈಲಿಗೆ ಬರೆದುಬಿಡುತ್ತದೆ, ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಕೇಳದೆಯೇ ಅಳಿಸಿ ಬರೆಯುತ್ತದೆ. ಇನ್ನು ಡಬ್ಲ್ಯುವನ್ನು ಪೂರ್ತಿ ಬಿಟ್ಟು "!ಪೈಥಾನ್3" ಎಂದಷ್ಟೇ ಕೊಟ್ಟರೆ, ಆಯ್ದ ಸಾಲುಗಳು ಮಾಯವಾಗಿ ಅವುಗಳ ಔಟ್‌ಪುಟ್ ಆ ಜಾಗಕ್ಕೆ ಬಂದು ಕೂರುತ್ತದೆ. ಟಿಪ್ಪಣಿಯಲ್ಲಿಯೇ ಫಲಿತಾಂಶ ಬೇಕಾದಾಗ ಇದು ಬಹಳ ಉಪಯುಕ್ತ: ಕೋಡನ್ನು ಕೆಳಗೆ ಇನ್ನೊಮ್ಮೆ ಪೇಸ್ಟ್ ಮಾಡಿ, ಆ ಪ್ರತಿಯ ಮೇಲೆ ಮಾತ್ರ ಈ ಆದೇಶವನ್ನು ಕೊಡಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು, ಇದು ಸರಿಯಾಗಿ ಕೆಲಸ ಮಾಡುತ್ತಿದೆ. ಆದರೆ ಎರಡು ಕಡೆ ತೊಡಕಾಗಿದೆ. ಫಂಕ್ಷನ್ ಒಳಗಿನ ಎರಡು ಸಾಲುಗಳನ್ನು ಆಯ್ದು ಕಳುಹಿಸಿದರೆ ಇಂಡೆಂಟೇಶನ್ ಎರರ್ ಬರುತ್ತದೆ. ಬಳಕೆದಾರರಿಂದ ಉತ್ತರ ಪಡೆಯುವ ಇನ್‌ಪುಟ್ ಫಂಕ್ಷನ್ ಇರುವ ಕೋಡ್, ನನ್ನಿಂದ ಏನನ್ನೂ ಕೇಳದೆ ಇಒಎಫ್ ಎರರ್ (ಇನ್‌ಪುಟ್ ಮುಗಿದಿದೆ ಎಂಬ ದೋಷ) ಕೊಟ್ಟು ನಿಂತುಬಿಡುತ್ತದೆ.

ಉತ್ತರ 1ರವರಿಂದ

ಮೊದಲನೆಯದು ಸಹಜವೇ. ಪೈಥಾನ್‌ಗೆ ತಲುಪುವುದು ನೀವು ಆಯ್ದ ಸಾಲುಗಳು ಮಾತ್ರವಾದ್ದರಿಂದ, ಮೊದಲ ಸಾಲೇ ನಾಲ್ಕು ಸ್ಪೇಸ್ ಒಳಗಿದ್ದರೆ ಅದು ಯಾವ ಬ್ಲಾಕಿಗೆ ಸೇರಿದ್ದೆಂದು ಅದಕ್ಕೆ ತಿಳಿಯುವುದಿಲ್ಲ. ಆ ಸಾಲುಗಳ ಮೇಲೆ ಅಂಚಿಗೆ ತಾಗಿದಂತೆ "ಇಫ್ ಟ್ರೂ:" ಎಂಬ ಒಂದು ಸಾಲನ್ನು ಸೇರಿಸಿ, ಅದನ್ನೂ ಒಳಗೊಂಡು ಆಯ್ದರೆ ಸಾಕು. ಕೆಲಸ ಮುಗಿದ ಮೇಲೆ ಅಳಿಸಿಬಿಡಿ.

ಎರಡನೆಯದಕ್ಕೆ ಕಾರಣ, ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ ಕೋಡ್ ಬರುತ್ತಿರುವುದು. ಪೈಥಾನ್ ಅದನ್ನು ಕೊನೆಯವರೆಗೂ ಓದಿ ಮುಗಿಸಿದ ಮೇಲೆಯೇ ರನ್ ಮಾಡತೊಡಗುತ್ತದೆ, ಆ ಹೊತ್ತಿಗೆ ಇನ್‌ಪುಟ್ ಫಂಕ್ಷನ್‌ಗೆ ಓದಲು ಏನೂ ಉಳಿದಿರುವುದಿಲ್ಲ. ಪರೀಕ್ಷೆಗಷ್ಟೇ ಆದರೆ ಇನ್‌ಪುಟ್ ಬದಲು ಒಂದು ಮೌಲ್ಯವನ್ನು ನೇರವಾಗಿ ಬರೆಯಿರಿ. ನಿಜವಾಗಿಯೂ ಟೈಪ್ ಮಾಡಿ ಉತ್ತರಿಸಬೇಕೆಂದರೆ, ಕೋಡನ್ನು ಫೈಲಿನಲ್ಲಿ ಸೇವ್ ಮಾಡಿ ":ಟರ್ಮಿನಲ್ ಪೈಥಾನ್3 %" ಆದೇಶವನ್ನು ಕೊಡಿ (% ಎಂದರೆ ವಿಮ್‌ನಲ್ಲಿ ಈಗ ತೆರೆದಿರುವ ಫೈಲು). 2018ರ ವಿಮ್ 8.1ರಿಂದ ಈ ಸೌಲಭ್ಯ ಎಡಿಟರ್‌ನೊಳಗೇ ಇದೆ.

ಉತ್ತರ 2

ಟಿಪ್ಪಣಿ ಮತ್ತು ಕೋಡ್ ಒಟ್ಟಿಗೆ ಇರಬೇಕೆಂಬುದೇ ನಿಮ್ಮ ಉದ್ದೇಶವಾಗಿದ್ದರೆ, ಇಮ್ಯಾಕ್ಸ್ ಎಂಬ ಇನ್ನೊಂದು ಎಡಿಟರ್‌ನಲ್ಲಿ ಟಿಪ್ಪಣಿಗಳಿಗೆಂದೇ ಇರುವ ಆರ್ಗ್ ಮೋಡನ್ನು ಒಮ್ಮೆ ನೋಡಬೇಕೆಂದು ನನ್ನ ಸಲಹೆ. ಅದರಲ್ಲಿ ಕೋಡನ್ನು ಒಂದು ಬ್ಲಾಕಿನೊಳಗೆ ಬರೆದು, ಅದರ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಸಿ ಎರಡು ಬಾರಿ ಒತ್ತಿದರೆ ಫಲಿತಾಂಶ ಅದರ ಕೆಳಗೇ ಸೇರುತ್ತದೆ, ಮತ್ತೆ ರನ್ ಮಾಡಿದಾಗ ಹಳೆಯ ಫಲಿತಾಂಶದ ಜಾಗಕ್ಕೆ ಹೊಸದು ಬರುತ್ತದೆ. ವಿಮ್‌ನಲ್ಲಿ ಪ್ರತಿ ಮಾಡಿ ಬದಲಾಯಿಸುವ ಕೆಲಸ ಇಲ್ಲಿ ತಪ್ಪುತ್ತದೆ. ಆರಂಭದಲ್ಲಿ ಇಮ್ಯಾಕ್ಸ್‌ನ ಸ್ವಂತ ಭಾಷೆಯಾದ ಇಮ್ಯಾಕ್ಸ್ ಲಿಸ್ಪ್ ಮಾತ್ರ ಸಕ್ರಿಯವಾಗಿರುವುದರಿಂದ ಪೈಥಾನನ್ನು ಸೆಟ್ಟಿಂಗ್‌ನಲ್ಲಿ ಸೇರಿಸಿಕೊಳ್ಳಬೇಕು. ಪ್ರಿಂಟ್ ಮಾಡಿದ್ದು ಕಾಣಬೇಕಾದರೆ ಬ್ಲಾಕಿನ ತಲೆಸಾಲಿನಲ್ಲಿ ರಿಸಲ್ಟ್ಸ್ ಎಂಬುದಕ್ಕೆ ಔಟ್‌ಪುಟ್ ಎಂದು ಸೂಚಿಸಬೇಕು, ಇಲ್ಲವಾದರೆ ಅದು ರಿಟರ್ನ್ ಮೌಲ್ಯಕ್ಕಾಗಿ ಕಾದು ನನ್ (None, ಅಂದರೆ ಯಾವ ಮೌಲ್ಯವೂ ಇಲ್ಲ) ಎಂದು ತೋರಿಸುತ್ತದೆ. ಪ್ರತಿ ಬಾರಿಯೂ ರನ್ ಮಾಡಲೇ ಎಂದು ಕೇಳುವ ಪ್ರಶ್ನೆ ಕಿರಿಕಿರಿ ಎನಿಸಬಹುದು, ಆದರೂ ಬೇರೆಯವರಿಂದ ಪಡೆದ ಟಿಪ್ಪಣಿಗಳನ್ನು ತೆರೆಯುವವರು ಅದನ್ನು ತೆಗೆಯದಿರುವುದು ಒಳ್ಳೆಯದು.

ಉತ್ತರ 3

ಮೇಲಿನವರು ಹೇಳದ ಒಂದು ಭೇದವನ್ನು ಸೇರಿಸುತ್ತೇನೆ, ಏಕೆಂದರೆ ಎಡಿಟರ್ ಯಾವುದು ಎಂಬುದಕ್ಕಿಂತ ಅದು ಮುಖ್ಯವೆಂದು ನನಗನಿಸುತ್ತದೆ. ವಿಮ್‌ನ ಈ ಆದೇಶ ಪ್ರತಿ ಸಲವೂ ಹೊಸ ಪೈಥಾನ್ ಪ್ರಕ್ರಿಯೆಯನ್ನು ಆರಂಭಿಸಿ ಮುಗಿಸುತ್ತದೆ. ಮೇಲೆ ಎಲ್ಲೋ ಬರೆದ ವೇರಿಯಬಲ್ ಆಯ್ಕೆಯೊಳಗೆ ಇಲ್ಲದಿದ್ದರೆ ನೇಮ್ ಎರರ್ (ಆ ಹೆಸರು ಗೊತ್ತಿಲ್ಲ ಎಂಬ ದೋಷ) ಖಚಿತ. ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಪೈಥಾನ್ ಎಕ್ಸ್‌ಟೆನ್ಶನ್ ಹಾಕಿಕೊಂಡು ಶಿಫ್ಟ್-ಎಂಟರ್ ಒತ್ತಿದರೆ ಸಾಲುಗಳು ಚಾಲ್ತಿಯಲ್ಲಿರುವ ಪ್ರಾಂಪ್ಟ್‌ಗೆ ಹೋಗುತ್ತವೆ, ಹಿಂದಿನದೆಲ್ಲವೂ ಅಲ್ಲಿ ಹಾಗೆಯೇ ಇರುತ್ತದೆ. ಆರ್ಗ್ ಮೋಡ್‌ನಲ್ಲಿ ಸೆಷನ್ (ಮುಚ್ಚದೆ ಚಾಲ್ತಿಯಲ್ಲಿಡುವ ಪೈಥಾನ್) ಹೆಸರು ಕೊಟ್ಟಾಗಲೂ ಇದೇ ರೀತಿ.

ದೊಡ್ಡ ಡೇಟಾ ಫೈಲನ್ನು ಒಮ್ಮೆ ಲೋಡ್ ಮಾಡಿ, ಅದರ ಮೇಲೆ ಹತ್ತಾರು ಬಗೆಯ ಪ್ರಯೋಗಗಳನ್ನು ಮಾಡುವವರಿಗೆ ಈ ಎರಡನೆಯ ಕ್ರಮವಿಲ್ಲದೆ ನಡೆಯುವುದಿಲ್ಲ. ಆದರೆ ಅದರಲ್ಲೊಂದು ಮೋಸ ಅಡಗಿದೆ. "ದರ = 5" ಎಂಬ ಸಾಲನ್ನು ರನ್ ಮಾಡಿದ ನಂತರ ಅದನ್ನು ಎಡಿಟರ್‌ನಲ್ಲಿ ಅಳಿಸಿದರೂ, ಸೆಷನ್‌ನಲ್ಲಿ ದರ ಎಂಬ ವೇರಿಯಬಲ್ ಉಳಿದೇ ಇರುತ್ತದೆ, ಅದನ್ನು ಬಳಸುವ ಮುಂದಿನ ಸಾಲುಗಳೂ ಸರಿಯಾಗಿಯೇ ನಡೆಯುತ್ತವೆ; ಎಡಿಟರ್ ಮುಚ್ಚಿ ಮರುದಿನ ತೆರೆದಾಗ ಅದೇ ಟಿಪ್ಪಣಿ ಕೈಕೊಡುತ್ತದೆ. ಕೋಡನ್ನು ತುಂಡುತುಂಡಾಗಿ ರನ್ ಮಾಡುವ ಜುಪಿಟರ್ ನೋಟ್‌ಬುಕ್ ಬಳಸುವವರಿಗೆ ಈ ತೊಂದರೆ ಚಿರಪರಿಚಿತ.

ನಿಮ್ಮ ಕೆಲಸ ಸಣ್ಣ ಸಂದೇಹಗಳ ಪರಿಹಾರವಾದ್ದರಿಂದ ಹೊಸ ಪ್ರಕ್ರಿಯೆಯ ಕ್ರಮವೇ ಸೂಕ್ತ, ಅಂದರೆ ನಿಮ್ಮ ವಿಮ್ ಸಾಕು. ಕೋಡ್‌ನಲ್ಲಿ ಫೈಲ್ ತೆರೆಯುವ ಸಾಲುಗಳಿದ್ದರೆ ಮಾತ್ರ ಮೊದಲು ":ಪಿಡಬ್ಲ್ಯುಡಿ" ಕೊಟ್ಟು ವಿಮ್ ಈಗ ಯಾವ ಫೋಲ್ಡರ್‌ನಲ್ಲಿದೆ ಎಂದು ನೋಡಿಕೊಳ್ಳಿ. ಸಾಪೇಕ್ಷ ಪಾಥ್‌ಗಳು (ಪೂರ್ಣ ವಿಳಾಸವಿಲ್ಲದ ಫೈಲ್ ಹೆಸರುಗಳು) ಟಿಪ್ಪಣಿ ಇರುವ ಫೋಲ್ಡರ್‌ನಿಂದಲ್ಲ, ವಿಮ್‌ನ ಅಂದಿನ ಫೋಲ್ಡರ್‌ನಿಂದ ಲೆಕ್ಕಕ್ಕೆ ಬರುತ್ತವೆ.