ಅಜ್ಜಿ ಹೇಳುವ ಮನೆತನದ ಕಥೆ ಬರೆಯಬೇಕು, ಯಾವ ಪುಸ್ತಕ ಓದಲಿ?

ಕಾಪುವಿನವಳು:
ಅಜ್ಜಿಗೆ ಈಗ 92. ನಾಗನ ತಂಬಿಲಕ್ಕೆ (ನಾಗನಿಗೆ ಸಲ್ಲಿಸುವ ಪೂಜೆಗೆ) ಕುಟುಂಬದ ಮನೆಗೆ ಹೋದಾಗಲೆಲ್ಲ ಚಾವಡಿಯ ಕಂಬಕ್ಕೆ ಒರಗಿ ಕೂತು, ಯಾರ ತಾಯಿ ಯಾರು, ಯಾವ ಗದ್ದೆ ಯಾರ ಪಾಲಿಗೆ ಬಂತು ಅಂತ ಒಂದೇ ಉಸಿರಿಗೆ ಹೇಳ್ತಾರೆ. ಕಳೆದ ವರ್ಷ ಸುಣ್ಣ ಹೊಡೆಸುವಾಗ, ಗೆದ್ದಲು ಹಿಡಿದಿದೆ ಅಂತ ಅಟ್ಟದಲ್ಲಿದ್ದ ಹಳೇ ಗೇಣಿ ಚೀಟುಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿಬಿಟ್ಟರು. ಆ ಸಂಕಟ ಇನ್ನೂ ಹೋಗಿಲ್ಲ. ಅಜ್ಜಿಯ ಮಾತಾದರೂ ಉಳಿಯಬೇಕು. ನಮ್ಮ ಕಡೆಯ ಮನೆ, ಮಣ್ಣು, ಸಂಬಂಧಗಳನ್ನು ಚೆನ್ನಾಗಿ ಬರೆದ ಪುಸ್ತಕ ಇದ್ದರೆ ಹೇಳಿ.

ಕೋಟದ ಮೇಷ್ಟ್ರು:
ಮೊದಲು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಮ್ಮ. ಕಾದಂಬರಿಯೇ ಹೌದು, ಆದರೆ ಕಡಲ ಕರೆಯ ಒಂದು ಮನೆಯ ಮೂರು ತಲೆಮಾರು ಅದರಲ್ಲಿದೆ. ಹೆಂಗಸರ ದುಡಿತ ಅಲ್ಲಿ ಕಂಡಷ್ಟು ಯಾವ ಕಡತದಲ್ಲೂ ಕಾಣುವುದಿಲ್ಲ.

ಮೂಡಬಿದ್ರೆಯಿಂದ:
ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆಯಾದರೆ ವಂಶವೃಕ್ಷವನ್ನು ಅಪ್ಪನ ಕಡೆಯಿಂದ ಶುರು ಮಾಡಬೇಡಿ ಮಾರಾಯ್ರೆ! ತಾಯಿ, ತಾಯಿಯ ತಾಯಿ, ಹೀಗೆ ಹಿಂದಕ್ಕೆ ಹೋಗಿ. ‘ಬರಿ’ (ತಾಯಿಯಿಂದ ಬರುವ, ಗೋತ್ರದಂಥ ಕುಲದ ಹೆಸರು) ಯಾವುದು ಅಂತಲೂ ಕೇಳಿ ಬರೆದಿಡಿ. 1949ರ ಅಳಿಯಸಂತಾನ ಕಾಯ್ದೆಯ ನಂತರ ಆಸ್ತಿ ಪಾಲಾಗಿದ್ದರೆ, ನೋಂದಣಿಯಾದ ಪಾಲುಪಟ್ಟಿಯ ನಕಲಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ. ಒಂದೊಂದು ಕವರಿನವರ, ಅಂದರೆ ಒಬ್ಬೊಬ್ಬ ತಾಯಿಯ ಕವಲಿನವರ ಹೆಸರು ಅದರಲ್ಲಿ ಸಿಗುತ್ತದೆ. ನಮ್ಮ ಅಜ್ಜಿಯ ಅಕ್ಕ ಒಬ್ಬರಿದ್ದರು ಅಂತ ನನಗೆ ಗೊತ್ತಾದದ್ದೇ ಹಾಗೆ.

ಕಾಪುವಿನವಳು:
‘ಕವರು’ ಅಂತ ಅಜ್ಜಿ ಹೇಳುವುದು ಕೇಳಿದ್ದೆ, ಒಬ್ಬ ತಾಯಿಯ ಕವಲು ಅಂತ ಈಗ ತಿಳೀತು. ಆದಿತ್ಯವಾರ ಹೋಗಿ ಅವರ ದನಿ ಮೊಬೈಲಿನಲ್ಲಿ ರೆಕಾರ್ಡ್ ಮಾಡ್ತೇನೆ. ತುಳುವಿನಲ್ಲೇ.